ಸೋದರಮಾವನ ಎಲುಬು

ನನ್ನ ಮೊಮ್ಮಗನ ಮಣಿಕಟ್ಟಿನ ಎಲುಬು ಕೂಡಿತು. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಹುಬ್ಬಳ್ಳಿಯ ಡಾಕ್ಟರು ಪ್ಲಾಸ್ಟರ್ ಕತ್ತರಿಸಿ, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು "ಕೂಡೇತಿ" ಎಂದರು. ನಾನು ಇನ್ನೊಮ್ಮೆ ಹೇಳಿಸಿದೆ. ದಾಂಡೇಲಿಗೆ ಮರಳುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಹೆಂಗಸಿಗೆ ಹೇಳಿದೆ. ಹಳಿಯಾಳದಲ್ಲಿ ಅವಳು ಇಳಿದ ಮೇಲೆ ಹತ್ತಿ ಕುಳಿತವಳಿಗೂ ಹೇಳಿದೆ. ಅರವತ್ತರ ದಶಕದ ಮಾತಿದು. ಶಾಲೆ ಹೆಚ್ಚು ಕಲಿತವಳಲ್ಲ ನಾನು, ಆದರೂ ಇದನ್ನು ಬರೆಯಲು ಕುಳಿತರೆ ಕೈ ನಿಲ್ಲುವುದಿಲ್ಲ.

ಮೊಮ್ಮಗ ಆಗ ಕಾಡಿನಲ್ಲಿ ಲಾರಿಗೆ ಬಿದಿರು ಹೇರುವ ಕೆಲಸಕ್ಕೆ ಹೋಗುತ್ತಿದ್ದ. ಜೋಯಿಡಾ ದಾಟಿ ಕುಂಬಾರವಾಡದ ಹತ್ತಿರ, ನೆನೆದ ಬಿದಿರಿನ ಮೇಲಿಂದ ಜಾರಿ ಬಲಗೈ ಊರಿ ಬಿದ್ದ. ಉಳುಕಿರಬೇಕೆಂದು ಉಪ್ಪಿನ ಶಾಖ ಕೊಟ್ಟೆವು, ಬಾವು ಇಳಿಯಿತು. ಆದರೆ ತಿಂಗಳುಗಳು ಕಳೆದರೂ ಆ ಕೈ ಊರಿ ಏಳಲು ಅವನಿಂದ ಆಗಲಿಲ್ಲ. ತುಂಬಿದ ತಂಬಿಗೆ ಎತ್ತಿದರೆ ಮುಖ ಕಿವುಚುತ್ತಿದ್ದ. ಕೈ ಬಾರದಿದ್ದರೆ ಲಾರಿಯ ಕೆಲಸವಿಲ್ಲ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಡಾಕ್ಟರು ಅವನ ಹೆಬ್ಬೆರಳಿನ ಬುಡ ಒತ್ತಿ ಹೇಳಿದರು: "ಇಲ್ಲೊಂದು ಗೋಡಂಬಿಯಂಥಾ ಸಣ್ಣ ಎಲುಬು ಐತಿ, ಎರಡು ಹೋಳಾಗೇತಿ. ಅದಕ್ಕ ರಕ್ತ ಬರೂದ ಕಡಿಮಿ, ತಾನಾಗಿ ಕೂಡೂದಿಲ್ಲ. ನಡುವ ಒಂದು ಎಲುಬಿನ ತುಂಡು ಇಟ್ಟು ಮತ್ತ ಕಟ್ಟಬೇಕು." ಇಷ್ಟು ಹೇಳುವುದರಲ್ಲಿ ಯಾರೋ ಕರೆದರು, ಹೊರಟುಹೋದರು.

ಯಾರ ಎಲುಬು? ಸ್ವಲ್ಪ ದಿನದ ಹಿಂದೆ ನಮ್ಮ ಓಣಿಯ ಒಬ್ಬಾತನಿಗೆ ಪೆಟ್ಟಾದಾಗ ಓಣಿಯವರೆಲ್ಲ ಸಾಲುಗಟ್ಟಿ ರಕ್ತ ಕೊಟ್ಟಿದ್ದರು. ಎಲುಬೂ ಹಾಗೆಯೇ ಎಂದುಕೊಂಡೆವು. ಸೊಸೆ ಮುಂಡಗೋಡದಲ್ಲಿದ್ದ ತನ್ನ ಅಣ್ಣನಿಗೆ ಹೇಳಿಕಳಿಸಿದಳು.

ಆಪರೇಷನ್ನಿನ ದಿನ ನಾನು ಸ್ನಾನ ಮಾಡಿ, ಏನೂ ತಿನ್ನದೆ ದವಾಖಾನೆಗೆ ಹೋದೆ. ಅಲ್ಲಿ ಸೊಸೆಯ ಅಣ್ಣ ಒದ್ದೆ ತಲೆಯಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬೆಂಚಿನ ಮೇಲೆ ಕುಳಿತಿದ್ದ.

"ನೀವ್ಯಾಕ ಉಪಾಸ ಬಂದ್ರಿ ಅತ್ತಿ? ಎಲುಬು ಕೊಡಾಂವ ನಾನು."

"ನಮ್ಮ ಮನಿ ಹುಡುಗಗ ನಮ್ಮ ಮನೀದ ಎಲುಬು ಆಗಬೇಕು," ಎಂದೆ ನಾನು.

"ಜಾವಳದಾಗ ಯಾರ ತೊಡಿ ಮ್ಯಾಲ ಕುಂತಿದ್ದ? ಕಿವಿ ಚುಚ್ಚಬೇಕಾದ್ರ ಯಾರು ಹಿಡಕೊಂಡಿದ್ರು? ಇದು ಸೋದರಮಾವನ ಹಕ್ಕ ಐತ್ರಿ."

"ಬೀಡಿ ಹೊಗಿಗೆ ಕರ್ರಗಾಗಿದ್ದ ನಿನ್ನ ಎಲುಬು ತಗೊಂಡು ಏನ ಮಾಡ್ತಾನ ಅಂವ?"

"ನಿಮ್ಮದು ಹಳೇದು. ಇಟ್ಟ ಕೂಡ್ಲೆ ಪುಡಿ ಆಕ್ಕತಿ."

ಸೊಸೆಗೆ ಸಾಕಾಯಿತು. "ಇಬ್ಬರೂ ಒಂದೊಂದು ಕೊಡ್ರಿ. ನನ್ನ ಮಗಗ ಸುಮ್ಮ ಮಲಗಾಕ ಬಿಡ್ರಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾರದೂ ಬ್ಯಾಡ. ಅವಂದ ಎಲುಬು ಅವಗ. ಮುಂಗೈ ಎಲುಬಿನ ತುದಿಯಿಂದ ತಗೀಬಹುದು, ಮೊಣಕಾಲ ಕೆಳಗಿಂದ ತಗೀಬಹುದು, ನಡದಿಂದ ತಗೀಬಹುದು. ನಡದ್ದರಾಗ ತಿರುಳು ಚಲೋ ಇರತೈತಿ. ನಾ ಅದನ್ನ ತಗೀತೇನಿ."

ನಮ್ಮ ಗೊಂದಲ ಇನ್ನೂ ಹೆಚ್ಚಿತು. ಅಲ್ಲಿಯವರೆಗೆ ಕಚ್ಚಾಡುತ್ತಿದ್ದ ನಾವಿಬ್ಬರೂ ಒಂದೇ ಪಕ್ಷವಾದೆವು.

"ನಡದ ಕೆಳಗಿನ ಎಲುಬು ಉಣ್ಣೂ ಕೈಯಾಗ ಇಡೂದು ಹೆಂಗ್ರಿ?" ಎಂದ ಸೋದರಮಾವ.

ಡಾಕ್ಟರು ಧೋತರದ ಮೇಲಿಂದ ಅವನ ಸೊಂಟವನ್ನೇ ಒತ್ತಿ ತೋರಿಸಿದರು. "ಉಡದಾರ ಕುಂದ್ರತೈತಲ್ಲ, ಆ ಅಂಚಿನಾಗ. ಕೆಳಗಲ್ಲ."

ಅವನು ಇನ್ನೊಂದು ಬದಿಯನ್ನೂ ತಾನೇ ಮುಟ್ಟಿ ನೋಡಿಕೊಂಡ. "ಹಂಗಾದ್ರ ಆಗಬಹುದು."

ನಾನು ಕೇಳಿದೆ: "ನಡದಾಗ ತಗದದ್ದು ಮತ್ತ ತುಂಬತೈತೇನ್ರಿ?"

"ಬಹಳಷ್ಟು ತುಂಬತೈತಿ."

"ಅದು ತಾನ ತುಂಬೂದಾದ್ರ, ಕೈಯಾಗಿಂದು ಯಾಕ ತಾನ ಕೂಡಲಿಲ್ಲ?"

ಅವರು ಬಿಡಿಸಿ ಹೇಳಿದರು. ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಆಪರೇಷನ್ ಮುಗಿದು ಎಚ್ಚರವಾದ ಮೇಲೆ ಹುಡುಗ ನರಳಿದ್ದು ಸೊಂಟ ಹಿಡಿದುಕೊಂಡು. "ಆಯಿ, ಮುರಿದದ್ದು ಕೈ, ನೋಯಾಕತ್ತಿದ್ದು ನಡ," ಎಂದ. ಎಲ್ಲಿ ಸವರಬೇಕೆಂದು ತೋಚದೆ ತಲೆ ಸವರಿದೆ. ದವಾಖಾನೆಯಲ್ಲಿ ಅವನ ಉಡದಾರ ಕತ್ತರಿಸಿ ಹಾಕಿದ್ದರು. ಗಾಯ ಮಾಗಿದ ಮೇಲೆ ಸೋದರಮಾವ ಹೊಸದೊಂದನ್ನು ತಂದು, "ಇದಕ್ಕ ಯಾರ ಅಡ್ಡ ಬರ್ತೀರಿ ನೋಡ್ತೇನಿ," ಎನ್ನುತ್ತ ತಾನೇ ಕಟ್ಟಿದ.

ಹೆಬ್ಬೆರಳನ್ನೂ ಸೇರಿಸಿ ಹಾಕಿದ ಪ್ಲಾಸ್ಟರಿನಲ್ಲಿ ದಿನಗಳು ಹೋದವು. ನಡುವೆ ಒಮ್ಮೆ ಎಕ್ಸ್‌ರೇ ತೆಗೆದಾಗ ಡಾಕ್ಟರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ಇನ್ನೂ ನೋಡೂಣು," ಎಂದರು. ಆ ಮಾತಿನ ಅರ್ಥವೇನೆಂದು ಮನೆಯವರೆಲ್ಲ ಒಬ್ಬೊಬ್ಬರೂ ಒಂದೊಂದು ಹೇಳಿದರು. ಹುಡುಗ ಮಾತ್ರ ಮೂಲೆಯಲ್ಲಿ ಒಬ್ಬನೇ ಕುಳಿತು ಎಡಗೈಯಲ್ಲಿ ಉಣ್ಣುವುದನ್ನು ಮುಂದುವರಿಸಿದ.

ಕೂಡಿದೆ ಎಂದ ದಿನ ನಾವು ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಪ್ಲಾಸ್ಟರಿನಿಂದ ಹೊರಬಂದ ಕೈ ಸಣಕಲಾಗಿ, ಸಿಪ್ಪೆ ಸುಲಿದಿತ್ತು. ಭಾರ ಎತ್ತಲು ಇನ್ನೂ ಕೆಲವು ದಿನ ಬೇಕು, ಆಮೇಲೆ ಕೆಲಸಕ್ಕೆ ಹೋಗಬಹುದು ಎಂದಿದ್ದರು. ಸೊಸೆ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದಳು. ನಾನು ಸಜ್ಜಕ ಮಾಡಲು ಹೋಗಿ ಬೆಲ್ಲ ಹಾಕಿದೆನೋ ಇಲ್ಲವೋ ಮರೆತು ಮತ್ತೆ ಹಾಕಿದೆ. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಮಗ, ಮುಂಡಗೋಡದಿಂದ ಬಂದ ಸೋದರಮಾವ, ಮೊಮ್ಮಗ ಒಂದೇ ಸಾಲಿನಲ್ಲಿ ಕುಳಿತರು. ಬಡಿಸಲು ನಿಂತಿದ್ದ ಸೊಸೆಯನ್ನೂ ಸೆರಗು ಹಿಡಿದು ಕೂಡಿಸಿದೆ.

ಮೊಮ್ಮಗ ಬಲಗೈಯಿಂದ ರೊಟ್ಟಿ ಮುರಿದ.

ಸಜ್ಜಕ ಬಾಯಿಗಿಟ್ಟ ಸೋದರಮಾವ, "ಅತ್ತಿ, ಇಷ್ಟು ಸಿಹಿ ಯಾರಿಗೆ ಮಾಡೀರಿ? ಇನ್ನೊಂದು ರೊಟ್ಟಿ ನೀಡ್ರಿ," ಎಂದ.

"ನಿನ್ನ ಎಲುಬು ಪೂರಾ ಅದಾವಲ್ಲ. ಎದ್ದು ತಗೋ."

ಅವನು ನಗುತ್ತ ಎದ್ದು ಬುಟ್ಟಿ ತಂದು, ಎಲ್ಲರ ತಾಟಿಗೂ ಒಂದೊಂದು ಹಾಕಿ ಕುಳಿತ. ಎಲ್ಲರೂ ಉಂಡೆವು.