ಮಾಯವ್ವನ ಕಂಬಳಿ, ಮಾಳಿಂಗರಾಯನ ಭಾಷಣ

ನಮ್ಮ ಬಳಗದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರನ್ನು ನಾನಿನ್ನೂ ಕಂಡಿಲ್ಲ. 'ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ವಿಶ್ವವಿದ್ಯಾಲಯ ಹಳೆಯ ವಿದ್ಯಾರ್ಥಿಗಳ ಸ್ನೇಹ ಮತ್ತು ಚಿಂತನ ಬಳಗ'. ಶುರುವಿನಲ್ಲಿ ಬರೀ ಜಮಖಂಡಿ ಇತ್ತು. ಮುಧೋಳದವರು ಮುನಿಸಿಕೊಂಡರು, ಅವರನ್ನು ಸೇರಿಸಿದೆವು. ಬೀಳಗಿಯವರು ಚಹಾ ಮುಟ್ಟದೆ ಎದ್ದು ಹೋದರು, ಅವರೂ ಸೇರಿದರು. ರಬಕವಿಯನ್ನು ಹಾಕಿ ಬನಹಟ್ಟಿಯನ್ನು ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ತೇರದಾಳದವನು. ನಾನೂ ಒಮ್ಮೆ ಬಾಯಿ ತೆರೆದೆ. ಅಷ್ಟರಲ್ಲಿ ಬ್ಯಾನರ್ ಪ್ರಿಂಟಾಗಿ ಬಂದಿತ್ತು.

ಧಾರವಾಡದಲ್ಲಿ ಓದಿ ಬಂದು ಈ ಕಡೆ ನೆಲೆಯೂರಿದವರು ತಿಂಗಳಿಗೊಂದು ರವಿವಾರ ಸೇರುತ್ತೇವೆ. ಪ್ರಾರ್ಥನೆ, ಸ್ವಾಗತ, ಪರಿಚಯ, ಸನ್ಮಾನ, ಚಿಂತನ, ವಂದನಾರ್ಪಣೆ, ಊಟ, ಇದು ನಮ್ಮ ಕ್ರಮ. ಇದರಲ್ಲಿ ಚಿಂತನ ಎಂಬುದು ಸನ್ಮಾನಕ್ಕೂ ಊಟಕ್ಕೂ ನಡುವೆ ಉಳಿದ ಜಾಗದಲ್ಲಿ ಹೇಗೋ ಮೈ ಮುದುಡಿಕೊಂಡು ಕೂರಬೇಕು. ನಾನು ಓದಿದ್ದು ವಾಣಿಜ್ಯ, ಮಾರುವುದು ನೀರಿನ ಪೈಪು. ಚಿಂತನಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳುತ್ತೇನೆ, ಹೋಗುವುದು ಊಟದ ಎಣಗಾಯಿ ಮತ್ತು ಸಿಹಿ ಮಾದಲಿಗೆ. ಉಳಿದವರು ಇದನ್ನು ಒಪ್ಪಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಬ್ಬನೇ ಒಬ್ಬ ಮಾತ್ರ ನಿಜವಾಗಿ ಚಿಂತನಕ್ಕೇ ಬರುತ್ತಿದ್ದ. ಅವನು ಮಾಳಿಂಗರಾಯ. ಬಾಡಗಂಡಿ ಕಡೆಯ ಹಳ್ಳಿಯವನು, ಬೀರೇಶ್ವರನ ಒಕ್ಕಲು, ಕುರಿ ಸಾಕಿದ ಮನೆ. ಆ ಮನೆಯಿಂದ ಧಾರವಾಡಕ್ಕೆ ಹೋಗಿ ಓದಿದವನು ಇವನೊಬ್ಬನೇ. ಹೋದವನು ಸುಮ್ಮನೆ ಬಿ.ಇಡಿ. ಮಾಡಿಕೊಂಡು ಬರಬಾರದೇ? ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ. ಈ ಭಾಗದಲ್ಲಿ ತತ್ವಶಾಸ್ತ್ರಕ್ಕೆ ಏನು ಬೇಡಿಕೆ ಇದೆಯೋ ದೇವರೇ ಬಲ್ಲ. ಕೊನೆಗೆ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗಕ್ಕೆ ಸೇರಿದ. ಯಾರ ಹೊಲದ ಕಬ್ಬನ್ನು ಯಾವಾಗ ಕಡಿಯುತ್ತಾರೆಂದು ರೈತರಿಗೆ ತಿಳಿಸುವುದು ಅವನ ಕೆಲಸ. ತೀರ್ಮಾನ ಬೇರೆ ಯಾರದೋ, ಬೈಗುಳ ಇವನಿಗೆ. ಸೀಜನ್ನಿನಲ್ಲಿ ಎಲ್ಲಿ ಕಂಡರೂ ಜನ ಅವನನ್ನು ತಡೆದು, ನಮ್ಮ ಪಾಳಿ ಯಾವಾಗ ಎಂದು ಕೇಳುತ್ತಿದ್ದರು. ಹಾಗೆ ಕೇಳಿಸಿಕೊಂಡು ಕೇಳಿಸಿಕೊಂಡೇ ಅವನಿಗೆ 'ಕಾಲ ಎಂದರೇನು' ಎಂಬ ವಿಷಯದ ಮೇಲೆ ಒಂದು ಭಾಷಣ ಹೊಳೆದಿತ್ತು. ಅದನ್ನು ನಮ್ಮ ಬಳಗದಲ್ಲಿ ಹೇಳಬೇಕು, ಇದೊಂದೇ ಅವನ ಆಸೆ.

ಬಳಗಕ್ಕೆ ಬಂದ ಮೊದಲ ತಿಂಗಳೇ ಅವನು ಪ್ರೀತಿಯಿಂದ ಒಂದು ಕಂಬಳಿ ತಂದ. ತಮ್ಮದೇ ಕುರಿಯ ಕರಿ ಉಣ್ಣೆ, ಅವನ ತಾಯಿ ಮಾಯವ್ವ ನೂತದ್ದು, ಸೋದರಮಾವ ನೇಯ್ದದ್ದು. ಶಾಲು ಹೊದಿಸಿ ಹೊದಿಸಿ ಬೇಸತ್ತಿದ್ದ ನಮಗೆ ಅದು ಹೊಸದಾಗಿ ಕಂಡಿತು. ಅಧ್ಯಕ್ಷರಾದ ರಬಕವಿಯ ಗಿರಿಮಲ್ಲಪ್ಪ ಸಾಹುಕಾರರು, ಸೀರೆ ವ್ಯಾಪಾರದವರು, ಅದನ್ನು ಅತಿಥಿಯ ಹೆಗಲಿಗೆ ಹಾಕಿದರು. ಹೊಸ ಕಂಬಳಿ ಚುಚ್ಚುತ್ತದೆ. ಅತಿಥಿಗಳು ಕುತ್ತಿಗೆ ಕೆರೆದುಕೊಳ್ಳುತ್ತ ನಕ್ಕರು. ಫೋಟೋ ಪತ್ರಿಕೆಯಲ್ಲಿ ಬಂತು. ಅವತ್ತಿನಿಂದ ಅದು 'ಕಂಬಳಿ ಗೌರವ' ಎಂಬ ನಮ್ಮ ಬಳಗದ ಪರಂಪರೆಯಾಯಿತು. ನಮ್ಮಲ್ಲಿ ಎರಡನೇ ಸಲ ಮಾಡಿದ್ದಕ್ಕೆಲ್ಲ ಪರಂಪರೆ ಎನ್ನುತ್ತೇವೆ. ಕಂಬಳಿ ತರುವುದೂ, ಸಾಹುಕಾರರ ಕುರ್ಚಿಯ ಹಿಂದೆ ನಿಂತು ಹೊತ್ತಿಗೆ ಸರಿಯಾಗಿ ಅವರ ಕೈಗೆ ಕೊಡುವುದೂ ಮಾಳಿಂಗರಾಯನ ಪಾಲಿಗೆ ಬಂತು. ಸಾಹುಕಾರರು ತಿರುಗಿ ಕೂಡ ನೋಡುತ್ತಿರಲಿಲ್ಲ, ಕೈ ಹಿಂದಕ್ಕೆ ಚಾಚುತ್ತಿದ್ದರು. ಕಂಬಳಿ ಕೈಗೆ ಬರುತ್ತಿತ್ತು.

ಆ ಮನೆಯಲ್ಲಿ ಕಂಬಳಿ ಅಂದರೆ ಹೊದಿಕೆಯಷ್ಟೇ ಅಲ್ಲ. ಬೀರೇಶ್ವರನ ಗುಡಿಯಲ್ಲಿ ಪೂಜಾರಿ ಕಂಬಳಿಯ ಮೇಲೆ ಕೂತೇ ದೇವರ ಮಾತು ಹೇಳುವುದು. ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುವವರು ಅವರು. ಮಾಯವ್ವ ಪ್ರತಿ ಕಂಬಳಿಯನ್ನೂ ಗುಡಿಗೆ ಒಯ್ದು, ಭಂಡಾರದ ಅರಿಶಿನ ಸೋಕಿಸಿ, ಒಂದು ಮೂಲೆಗೆ ಕೆಂಪು ನೂಲಿನ ಗಂಟು ಹಾಕಿ ಕೊಡುತ್ತಿದ್ದಳು. ಕಲಿತವರ ಹೆಗಲಿಗೆ ಹೋಗುತ್ತದಲ್ಲ ಎಂಬುದು ಅವಳ ಹೆಮ್ಮೆ. ಮಗ ಕಂಬಳಿ ಹಿಡಿದು ಹೊರಟಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದಳಂತೆ.

"ನಿನಗ ಯಾವಾಗ ಹೊಚ್ಚತಾರಪ?"

ಬರೂ ತಿಂಗಳ ಎನ್ನುತ್ತಿದ್ದ ಮಗ. ಸುಳ್ಳೇನಲ್ಲ, ನಾವು ಅವನಿಗೆ ಹೇಳುತ್ತಿದ್ದದ್ದೂ ಅದನ್ನೇ. ಬರುವ ತಿಂಗಳಿಗೆ ಯಾರೋ ಡಾಕ್ಟರು ಸಿಗುತ್ತಿದ್ದರು, ಇಲ್ಲವೇ ಬಡ್ತಿ ಸಿಕ್ಕ ಅಧಿಕಾರಿ, ಅವರೂ ಇಲ್ಲದಿದ್ದರೆ ಮುಧೋಳದ ಪರಮೇಶ ವಕೀಲರು. ಈ ವಕೀಲರು ಎರಡು ಸಲ ಮಾತಾಡಿದ್ದಾರೆ. ಎರಡನೇ ಸಲದ ವಿಷಯ 'ನಮ್ಮ ಸಂಸ್ಕೃತಿಯಲ್ಲಿ ಕೃತಜ್ಞತೆ'. ಹೀಗೆ ವರ್ಷಗಳು ಹೋದವು. ಮಾಳಿಂಗರಾಯನ ಮೀಸೆಯಲ್ಲಿ ಬಿಳಿ ಕೂದಲು ಬಂದವು. ಕಾಲದ ಬಗ್ಗೆ ಮಾತಾಡುವವನಿಗೆ ಕಾಲ ಕೂಡಿಬರಲಿಲ್ಲ.

ಹೋದ ಚಳಿಗಾಲದಲ್ಲಿ ಧಾರವಾಡದಿಂದ ಬರಬೇಕಿದ್ದ ಭಾಷಣಕಾರರು ಗಂಟಲು ಕೆಟ್ಟಿದೆ ಎಂದು ಕೈಕೊಟ್ಟರು. ವಕೀಲರೂ ಮದುವೆಗೆ ಹೋಗುವವರಿದ್ದರು. ಬೇರೆ ದಾರಿ ಕಾಣದೆ ಸಾಹುಕಾರರು ಮಾಳಿಂಗರಾಯನ ಹೆಸರನ್ನು ವಾಟ್ಸಾಪಿನಲ್ಲಿ ಹಾಕಿದರು. ನಮ್ಮ ಅಭಿನಂದನೆಗಳ ಹೂವು, ಮುಗಿದ ಕೈಗಳ ಚಿತ್ರಗಳಲ್ಲಿ ಅವನ ಫೋನು ಮುಳುಗಿಹೋಯಿತು. ಸುದ್ದಿ ಕೇಳಿ ವಕೀಲರು ಮದುವೆ ಬಿಟ್ಟು ಬರುತ್ತೇನೆಂದರು, ಆದರೆ ಹೆಸರು ಆಗಲೇ ಹೋಗಿತ್ತು.

ಆ ರವಿವಾರ ಮಾಯವ್ವ ಮೊದಲ ಸಲ ನಮ್ಮ ಸಭೆಗೆ ಬಂದಳು. ಇಳಕಲ್ ಸೀರೆ, ಹಣೆ ತುಂಬ ಭಂಡಾರ, ಮುಂದಿನ ಸಾಲಿನ ಕುರ್ಚಿ. ಮಗನಿಗೆ ಹೊದಿಸುವುದನ್ನು ನೋಡಲು ಬಂದಿದ್ದಳು. ಅದನ್ನು ಬಾಗಿಲಲ್ಲಿ ನಿಂತಿದ್ದ ನನಗೂ, ಚಹಾದವನಿಗೂ ಹೇಳಿಯೇ ಒಳಗೆ ಹೋದಳು. ಮಾಳಿಂಗರಾಯ ಇಸ್ತ್ರಿ ಹಾಕಿದ ಅಂಗಿ ತೊಟ್ಟು ವೇದಿಕೆಯ ಮೇಲೆ ಕೂತಿದ್ದ. ಕುರ್ಚಿಯ ಹಿಂದೆ ನಿಂತು ರೂಢಿಯಾದವನಿಗೆ ಅದರಲ್ಲಿ ಕೂರುವುದು ಹೇಗೆಂದು ಗೊತ್ತಾಗದೆ ಅಂಚಿನಲ್ಲೇ ಕೂತಿದ್ದ.

ನಿರೂಪಣೆ ಮಾಡುವವರು ಜಮಖಂಡಿಯ ಉಪನ್ಯಾಸಕಿ ರಾಜಶ್ರೀ ಮೇಡಂ. ಈಗ ನಮ್ಮ ಬಳಗದ ಹೆಮ್ಮೆಯ ಪರಂಪರೆ, ಕಂಬಳಿ ಗೌರವ, ಎಂದು ಅವರು ದನಿ ಎತ್ತರಿಸಿ ಹೇಳಿದರು. ಸಾಹುಕಾರರು ಎದ್ದು ನಿಂತು, ಸಭೆಯ ಕಡೆ ನಗುತ್ತ, ಕೈಯನ್ನು ಹಿಂದಕ್ಕೆ ಚಾಚಿದರು. ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಏನೂ ಬರಲಿಲ್ಲ. ಮಾಳಿಂಗರಾಯ ತಟ್ಟನೆ ಎದ್ದು, ಕಾಲು ಕೊಂಡೊಯ್ದ ಹಾಗೆ, ಸಾಹುಕಾರರ ಕುರ್ಚಿಯ ಹಿಂದೆ ಹೋಗಿ ನಿಂತುಬಿಟ್ಟ. ಆಮೇಲೆ ತನ್ನ ಖಾಲಿ ಕೈಗಳನ್ನು ನೋಡಿಕೊಂಡ.

ಆದದ್ದು ಇಷ್ಟೇ. ಕಂಬಳಿ ಎಂದಿನಂತೆ ಮಾಳಿಂಗರಾಯ ತರುತ್ತಾನೆಂದು ನಾವೆಲ್ಲ ತಿಳಿದಿದ್ದೆವು. ತನಗೆ ಹೊದಿಸುವುದನ್ನು ತಾನೇ ಹೇಗೆ ತರಲಿ, ಇದೊಂದು ಸಲ ಬಳಗದವರೇ ತರುತ್ತಾರೆಂದು ಅವನು ತಿಳಿದಿದ್ದ.

ಆಗ ನಮ್ಮ ಬಳಗದ ಬುದ್ಧಿ ಚುರುಕಾಯಿತು. ಸನ್ಮಾನವಿಲ್ಲದೆ ಭಾಷಣ ಮಾಡಿಸುವುದು ಭಾಷಣಕಾರರಿಗೆ ಮಾಡುವ ಅವಮಾನ ಎಂದರು ಒಬ್ಬರು. ಶಾಲು ನಡೆದೀತೇ ಎಂದು ಇನ್ನೊಬ್ಬರು. ಶಾಲು ಹೊದಿಸಿದರೆ ಪರಂಪರೆ ಮುರಿದಂತೆ ಎಂದು ಮೂರನೆಯವರು ಎದ್ದರು. ಅಷ್ಟು ಜೋರಾದ ಚಿಂತನ ನಮ್ಮಲ್ಲಿ ಯಾವತ್ತೂ ನಡೆದಿರಲಿಲ್ಲ. ಅವಮಾನ ಆಗಬಾರದೆಂದು ಎಲ್ಲರೂ ವಾದಿಸುತ್ತಿದ್ದಾಗ ಮಾಳಿಂಗರಾಯ ಕುರ್ಚಿಯ ಹಿಂದೆ ನಿಂತೇ ಇದ್ದ, ಅವನ ಭಾಷಣದ ಹೊತ್ತು ಹೋಗುತ್ತಲೇ ಇತ್ತು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಕೊನೆಗೆ, ಮದುವೆ ಬಿಟ್ಟು ಬಂದೇ ಬಂದಿದ್ದ ವಕೀಲರಿಗೆ ಏನೋ ನೆನಪಾಗಿ, ಕಾರಿನಲ್ಲಿ ಒಂದು ಇದೆ ಎಂದು ಹೊರಗೆ ಓಡಿದರು. ಕಂಬಳಿ ಬಂತು. ಕೃತಜ್ಞತೆಯ ಭಾಷಣಕ್ಕೆ ಹೊದಿಸಿದ್ದೇ ಅದು. ವಕೀಲರ ಮನೆಯಲ್ಲಿ ಒಳ್ಳೆಯ ಜಾತಿಯ ಮುಧೋಳ ನಾಯಿ ಇದೆ, ಎಲ್ಲಿ ಹೋದರೂ ಹಿಂದಿನ ಸೀಟಿನಲ್ಲಿ ಅದೂ ಇರುತ್ತದೆ. ಕರಿ ಕಂಬಳಿಯ ಮೇಲೆ ಅದರ ಬಿಳಿ ಕೂದಲು ಸಭೆಯ ಕೊನೆಯ ಸಾಲಿಗೂ ಕಾಣುತ್ತಿತ್ತು. ಜನ ಆದರೂ ಚಪ್ಪಾಳೆ ತಟ್ಟಿದರು, ಊಟದ ವಾಸನೆ ಬರತೊಡಗಿತ್ತು. ಸಾಹುಕಾರರು ಕಂಬಳಿಯನ್ನು ಬಿಡಿಸಿ ಮಾಳಿಂಗರಾಯನ ಹೆಗಲಿನ ತನಕ ಎತ್ತಿದರು.

ಮಾಯವ್ವ ಎದ್ದಳು. ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ಸಾಹುಕಾರರ ಕೈಯಿಂದ ಕಂಬಳಿ ತಗೊಂಡು, ಮೂಲೆಯನ್ನು ಹುಡುಕಿದಳು. ಕೆಂಪು ನೂಲಿನ ಗಂಟು ಇತ್ತು. ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ವಕೀಲರ ಕೈಯಲ್ಲಿಟ್ಟಳು.

"ಇದು ನಾಯಿದು ಆಗೇತ್ರಿ ವಕೀಲ್ರ. ಥಂಡಿ ದಿವಸ, ಪಾಪ ಅದು ಏನ್ ಹಾಸ್ಕೋಬೇಕು? ಒಯ್ದ ಹಾಸ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾವು ಸಮಾಧಾನ ಮಾಡಬಹುದಿತ್ತು. ನಡಿ ಮಾಳು ಎಂದು ಮಗನನ್ನು ಕರಕೊಂಡು ಅವಳು ಬೀಳಗಿ ಬಸ್ಸಿಗೆ ಹೋದಳು. ರಾಜಶ್ರೀ ಮೇಡಂ ವಂದನಾರ್ಪಣೆಗೆ ಕರೆದರು. ಊಟವಾಯಿತು. ಅವತ್ತು ನಾನು ಮಾದಲಿ ಹಾಕಿಸಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಮಾಳಿಂಗರಾಯ ಬರಲಿಲ್ಲ. ಯಾರೂ ವಿಚಾರಿಸಲೂ ಇಲ್ಲ. ವಾರ್ಷಿಕ ಸಮ್ಮೇಳನ ಹತ್ತಿರ ಬಂದಾಗಲೇ ನಮಗೆ ಅವನ ಮೇಲೆ ಪ್ರೀತಿ ಉಕ್ಕಿದ್ದು. ಧಾರವಾಡದಿಂದ ದೊಡ್ಡ ಹೆಸರಿನ ನಿವೃತ್ತ ಪ್ರಾಧ್ಯಾಪಕರು ಬರುವವರಿದ್ದರು. ನಿಮ್ಮಲ್ಲಿ ಕಂಬಳಿ ಹೊದಿಸುತ್ತಾರಂತಲ್ಲ, ಎಂದು ಅವರೇ ಫೋನಿನಲ್ಲಿ ಕೇಳಿದ್ದರು. ಬಜಾರಿನಲ್ಲಿ ಸಿಗುವುದು ಮಿಲ್ಲಿನ ಬಣ್ಣದ ಬ್ಲ್ಯಾಂಕೆಟ್ಟು. ಪವರ್‌ಲೂಮ್ ಸೀರೆಗೂ ಕೈಮಗ್ಗದ ಸೀರೆಗೂ ಇರುವ ವ್ಯತ್ಯಾಸವನ್ನು ಗಿರಾಕಿಗೆ ಕಾಣದಂತೆ ಮಾಡುವ ಸಾಹುಕಾರರಿಗೂ ಇಲ್ಲಿ ಉಪಾಯ ಹೊಳೆಯಲಿಲ್ಲ. ನಮ್ಮೆದುರೇ ಮಾಳಿಂಗರಾಯನ ಮನೆಗೆ ಫೋನ್ ಹಚ್ಚಿದರು. ಎತ್ತಿದವಳು ಮಾಯವ್ವ. ಸಾಹುಕಾರರು ಅವಳ ಆರೋಗ್ಯ, ಕುರಿಗಳ ಆರೋಗ್ಯ ಎಲ್ಲ ಕೇಳಿ ಕಡೆಗೆ ವಿಷಯಕ್ಕೆ ಬಂದರು. ಸ್ಪೀಕರಿನಲ್ಲಿ ಅವಳ ಉತ್ತರ ನಮಗೆಲ್ಲ ಕೇಳಿಸಿತು.

"ಕಂಬಳಿ ಅದಾವ್ರಿ ಸಾಹುಕಾರ್ರ, ಮನಿ ತುಂಬ ಅದಾವ. ನನ್ನ ಮಗ ಮಾತಾಡಿ ಮುಗಸಿದ ಮ್ಯಾಲ ಕೊಡ್ತೀನಿ."

ಹೀಗೆ ತತ್ವಶಾಸ್ತ್ರಕ್ಕೆ ನಮ್ಮ ಬಳಗದಲ್ಲಿ ಜಾಗ ಸಿಕ್ಕಿತು. ಆಹ್ವಾನ ಪತ್ರಿಕೆಯಲ್ಲಿ ಮೊದಲು ಮಾಳಿಂಗರಾಯನ ಚಿಂತನ, ನಂತರ ಕಂಬಳಿ ಗೌರವ, ನಂತರ ಅತಿಥಿಗಳ ಮಾತು ಎಂದು ಅಚ್ಚಾಯಿತು. ಐದು-ಹತ್ತು ನಿಮಿಷದಲ್ಲಿ ಮುಗಿಸುತ್ತಾನೆ ಬಿಡಿ ಎಂದು ಸಾಹುಕಾರರು ಅತಿಥಿಗಳಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ.

ಸಮ್ಮೇಳನದ ದಿನ ಮಾಯವ್ವ ಮುಂದಿನ ಸಾಲಿಗೆ ಬರಲಿಲ್ಲ. ಊಟದ ಮನೆಗೆ ಹೋಗುವ ಬಾಗಿಲಿದೆಯಲ್ಲ, ಅದಕ್ಕೆ ಅಡ್ಡವಾಗಿ ಕುರ್ಚಿ ಹಾಕಿಸಿಕೊಂಡು ಕೂತಳು. ತೊಡೆಯ ಮೇಲೆ ಕೈಚೀಲ. ಅದರ ಬಾಯಲ್ಲಿ ಕರಿ ಕಂಬಳಿ ಕಾಣುತ್ತಿತ್ತು.

ಮಾಳಿಂಗರಾಯ ಮೈಕಿನ ಮುಂದೆ ನಿಂತ. ಶುರುವಿನಲ್ಲಿ ಎಲ್ಲರ ಹೆಸರು ಹೇಳಿ ನಮಸ್ಕರಿಸಿದ, ಆಮೇಲೆ ನಮಸ್ಕಾರ ಮುಗಿದು ಗ್ರೀಸ್ ದೇಶ ಬಂತು. ಗ್ರೀಸಿನಿಂದ ಬೌದ್ಧರಿಗೆ, ಬೌದ್ಧರಿಂದ ಜರ್ಮನಿಗೆ ಹೋದ. ಜರ್ಮನಿಯಲ್ಲಿ ಬಹಳ ಹೊತ್ತು ನಿಂತ. ಖರೆ ಹೇಳುತ್ತೇನೆ, ಅರ್ಧಕ್ಕಿಂತ ಹೆಚ್ಚು ನನಗೆ ತಿಳಿಯಲಿಲ್ಲ. ಅಷ್ಟು ವರ್ಷ ಒಳಗೇ ಇಟ್ಟುಕೊಂಡ ಭಾಷಣ ಉಬ್ಬಿ ಉಬ್ಬಿ ದೊಡ್ಡದಾಗಿತ್ತು. ಒಂದಿಬ್ಬರು ಫೋನು ಬಂದವರ ಹಾಗೆ ಎದ್ದು ಬಾಗಿಲ ತನಕ ಹೋದರು. ಮಾಯವ್ವ ತಲೆ ಎತ್ತಿ ಅವರನ್ನು ನೋಡಿದಳು, ಅಷ್ಟೇ. ಅವರು ಫೋನು ಕಟ್ಟಾಯಿತೆಂಬಂತೆ ಬಂದು ಕೂತರು.

ಆಮೇಲೆ ಅವನು ಕಬ್ಬಿಗೆ ಬಂದ. ಕಡಿಯುವವರ ದಾರಿ ನೋಡುತ್ತ ಬದುವಿನ ಮೇಲೆ ಕೂತ ರೈತನ ಮಾತು ತೆಗೆದ. ಸುಖದಲ್ಲಿರುವವನಿಗೆ ಕಾಲ ಕಾಣುವುದಿಲ್ಲ, ಕಾಯುವವನಿಗೆ ಮಾತ್ರ ಅದು ಕಾಣುತ್ತದೆ ಎಂದ. ಪಾಳಿ ಯಾವಾಗ ಎಂದು ಕೇಳುವವನು ದಿನಾಂಕ ಕೇಳುತ್ತಿರುವುದಿಲ್ಲ, ನಾನು ನಿಮ್ಮ ಲೆಕ್ಕದಲ್ಲಿ ಇದ್ದೇನೋ ಇಲ್ಲವೋ ಎಂದು ಕೇಳುತ್ತಿರುತ್ತಾನೆ ಎಂದ. ಫೋನು ನೋಡುತ್ತಿದ್ದವರೂ ತಲೆ ಎತ್ತಿದರು. ಹಸಿವಿನಿಂದ ಹೊಟ್ಟೆ ಚುರುಗುಡುತ್ತಿದ್ದರೂ ನನ್ನ ಕಣ್ಣು ತುಂಬಿದವು.

ಅವನು ಮುಗಿಸಿದ. ಚಪ್ಪಾಳೆ ಬಿದ್ದವು, ಕೆಲವು ಭಾಷಣಕ್ಕೆ, ಬಹಳಷ್ಟು ಮುಗಿದದ್ದಕ್ಕೆ. ಮಾಯವ್ವ ಕಂಬಳಿ ಹಿಡಿದು ವೇದಿಕೆ ಹತ್ತಿದಳು. ಅತಿಥಿಗಳು ಎದ್ದು, ಕೋಟು ಸರಿಮಾಡಿಕೊಂಡು, ಕೈಮುಗಿದು ಹೆಗಲು ಬಾಗಿಸಿದರು. ಸಾಹುಕಾರರು ಫೋಟೋದವನ ಕಡೆ ನಗುತ್ತ ಕೈಯನ್ನು ಹಿಂದಕ್ಕೆ ಚಾಚಿದರು. ಮಾಯವ್ವ ಆ ಕೈಯನ್ನೂ ಆ ಹೆಗಲನ್ನೂ ದಾಟಿ ಹೋಗಿ ಕಂಬಳಿಯನ್ನು ಮಗನಿಗೆ ಹೊದಿಸಿದಳು. ಮಾತು ಉದ್ದ ಆತು, ಆದ್ರ ಛಲೋ ಆತು ಎಂದು ಅವನಿಗಷ್ಟೇ ಹೇಳಿದಳು. ಮೈಕು ಪಕ್ಕದಲ್ಲೇ ಇತ್ತು. ಮಾಳಿಂಗರಾಯ ಕುತ್ತಿಗೆ ಕೆರೆದುಕೊಳ್ಳುತ್ತ ಅತ್ತ.

ಅತಿಥಿಗಳು ಇನ್ನೂ ಬಾಗಿಯೇ ನಿಂತಿದ್ದರು. ಮಾಯವ್ವ ಅವರನ್ನು ಆಗ ನೋಡಿದಳು.

"ನೀವಿನ್ನೂ ಮಾತಾಡಿಲ್ಲಲ್ರೀ," ಎಂದಳು.

ಅವರು ಸಾಹುಕಾರರನ್ನು ನೋಡಿದರು, ಸಾಹುಕಾರರು ತಮ್ಮ ಖಾಲಿ ಕೈಯನ್ನು ನೋಡಿದರು. ಕಡೆಗೆ ಅತಿಥಿಗಳು ಮೈಕಿನ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡರು. ಮಾಯವ್ವ ಬಾಗಿಲಿಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಕೈಚೀಲದಲ್ಲಿ ಇನ್ನೊಂದು ಕಂಬಳಿ ಇತ್ತು.