ಕುರಿಗಳ ಕೊಡ

ಮಾತು ಜೋರಾದಂತೆ ನಮ್ಮ ಲೆಕ್ಚರರ್ ಮೇಡಂ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಎದುರಿನವರು ಸುಮ್ಮನಾಗುವ ತನಕ ಅದನ್ನು ಮೇಲಕ್ಕೆ ತಳ್ಳುತ್ತಿರಲಿಲ್ಲ. ಮಧುಗಿರಿ ಕಾಲೇಜಿನಲ್ಲಿ ನಮಗೆ ಅಮೆರಿಕಾದ ಸಂವಿಧಾನ ಪಾಠ ಮಾಡಿದವರು. ಅಲ್ಲಿನ ಪಶ್ಚಿಮದ ಒಣ ರಾಜ್ಯಗಳ ನೀರಿನ ಕಾನೂನೆಂದರೆ ಅವರಿಗೆ ಬಲು ಇಷ್ಟ. "ಯಾರು ಮೊದಲು ಬಳಸಿದರೋ ಅವರದೇ ಮೊದಲ ಹಕ್ಕು ಕಣ್ರೇ. ದೊಡ್ಡೋನು ಚಿಕ್ಕೋನು ಅಂತಿಲ್ಲ," ಅನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಪಾವಗಡದ ಕಡೆಯ ತಮ್ಮ ತವರಿಗೆ ಬಂದರು. ನಾನು ಮದುವೆಯಾಗಿ ಬಂದದ್ದೂ ಅದೇ ಊರಿಗೆ, ಪಕ್ಕದ ಮನೆಗೆ. ಕರಿಬೇವು ಕೇಳಲು ಬಂದರೂ ಒಂದು ವಾದ ಗೆದ್ದೇ ಹೋಗೋರು.

ಊರ ಸುತ್ತ ಸೋಲಾರ್ ಪ್ಯಾನೆಲ್ ಬಂದವು. ಅವನ್ನು ತೊಳೆಯಲು ಟ್ಯಾಂಕರ್ ನಮ್ಮ ಬೋರ್‌ವೆಲ್ಲಿಗೇ ಬರತೊಡಗಿತು. ಅದು ತುಂಬಿಕೊಂಡು ಹೋದ ಮೇಲೆ ನಮ್ಮ ಕೊಡಕ್ಕೂ ನೀರಿಲ್ಲ, ಕುರಿ ಕುಡಿಯುವ ತೊಟ್ಟಿಗೂ ಇಲ್ಲ. ಒಂದು ಬೆಳಗ್ಗೆ ಮೇಡಂ ಟ್ಯಾಂಕರಿಗೆ ಅಡ್ಡ ನಿಂತರು. "ಇಲ್ಲಿ ಕೊಡ ಇಟ್ಟು ಸರದಿ ಹಿಡಿಯೋದು ಪದ್ಧತಿ. ಅಮೆರಿಕಾದಲ್ಲೂ ಹೆಚ್ಚೂಕಮ್ಮಿ ಇದೇ ಕಾನೂನು. ಮೊದಲು ಬಂದೋರಿಗೆ ಮೊದಲು. ಹೋಗು, ಸಾಲಿಗೆ!" ಡ್ರೈವರ್ ಗೊಣಗುತ್ತ ಹಿಂದೆ ಹೋದ.

ಮಾರನೆಯ ದಿನ ನಾವು ಕೊಡ ಹಿಡಿದು ಹೋಗುವಷ್ಟರಲ್ಲಿ ಟ್ಯಾಂಕರ್ ಎಲ್ಲರಿಗಿಂತ ಮುಂದಿತ್ತು. "ಏನ್ ಮೇಡಮ್ಮೋರೇ, ನಿಮ್ ಅಮೆರಿಕಾ ಲೆಕ್ಕದಾಗೆ ಇವತ್ತು ನಾವೇ ಫಸ್ಟು. ಕೋಳಿ ಕೂಗೋ ಮುಂಚೇನೇ ಬಂದ್ಬುಟ್ಟೀವಿ!"

ಮೇಡಂ ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. ವಾದ ಗೆಲ್ಲದೆ ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಷ್ಟರಲ್ಲಿ ಕುರಿಹಿಂಡು ಬಂದು ಒಣ ತೊಟ್ಟಿ ನೆಕ್ಕತೊಡಗಿತು. ಮೇಡಂ ನೋಡಿದರು. ಟ್ಯಾಂಕರಿನ ಪೈಪು ಕಿತ್ತು, ತಮ್ಮ ನೆಗ್ಗಿದ ಸ್ಟೀಲ್ ಕೊಡ ತಂದು ಬೋರ್‌ವೆಲ್ಲಿನ ನೀರಿಗೆ ಹಿಡಿದರು.

"ಆ ಕಾನೂನು ಇಲ್ಲಿಗಾಗಲ್ಲ, ಬಿಟ್ಟೆ. ಕುರಿಗೆ ಸರದಿ ಹಿಡಿಯೋಕೆ ಕೈಯಿಲ್ಲ. ಇದು ಅವುಗಳ ಕೊಡ, ಇದೇ ಮೊದಲು. ಆಮೇಲೆ ಮನೆಗಳು. ಗಾಜಿಗೆ ಬಾಯಾರಲ್ಲ."

"ದೇಶಕ್ಕೆ ಕರೆಂಟ್ ಬ್ಯಾಡ್ವಾ?"

"ಬೇಕು. ಅದಕ್ಕೇ ನಿನ್ನ ಓಡಿಸ್ತಿಲ್ಲ, ಕೊನೇಲಿ ನಿಲ್ಲಿಸ್ತಿದೀನಿ."

"ಪೊಲೀಸ್ರನ್ನ ಕರೀತೀನಿ!"

"ಕರೆಯಪ್ಪ, ಕರೆ. ಅವರಿಗೆ ಬಾಯಾರಿದ್ರೆ ನಿನಗಿಂತ ಮುಂಚೆ ಕೊಡ್ತೀನಿ."

ಕನ್ನಡಕ ಮತ್ತೆ ಮೂಗಿನ ತುದಿಯಲ್ಲಿತ್ತು. ಪೊಲೀಸರು ಬರಲಿಲ್ಲ. ಮೇಡಂ ಇರುವ ತನಕ ಆ ಕೊಡವೇ ಮೊದಲು.

ಈ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು. ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ಟ್ಯಾಂಕರ್ ಮತ್ತೆ ಎಲ್ಲರಿಗಿಂತ ಮುಂದೆ. ನಾನು ಅವರ ಅಡುಗೆಮನೆಗೆ ಹೋಗಿ ಆ ನೆಗ್ಗಿದ ಕೊಡ ತಂದೆ.

"ಮೇಡಮ್ಮೋರೇ ಇಲ್ವಲ್ಲಕ್ಕಾ," ಅಂದ ಡ್ರೈವರ್. "ಇನ್ಯಾರ್ದು ಈ ಕೊಡ?"

"ಕುರೀದು," ಅಂದೆ. "ತೆಗಿ ಗಾಡೀನ ಹಿಂದಕ್ಕೆ."