ಸಮುದ್ರಕ್ಕೆ ಏರಿ ಹಾಕಿದ್ದು

ಮಿಡಿಗೇಶಿ ಸುತ್ತಮುತ್ತ ಕೆರೆ ಏರಿಗೆ ಕಲ್ಲು ಜೋಡಿಸೋದರಲ್ಲಿ ನನ್ನನ್ನು ಮೀರಿಸೋ ಹಿಟಾಚಿ ಡ್ರೈವರ್ ಇಲ್ಲ. ಅದಕ್ಕೇ ಕರಾವಳಿಯಲ್ಲಿ ಕಡಲ್ಕೊರೆತ ತಡೆಯೋ ಕೆಲಸಕ್ಕೆ ನನ್ನನ್ನೇ ಕರೆಸಿದರು. ಅಲ್ಲಿದ್ದ ಕಡಲ ವಿಜ್ಞಾನದ ಮೇಡಂ, "ಮರಳಿನ ದಿಬ್ಬ ಮಾಡಿ, ಬೇರಿನಿಂದ ಮರಳು ಹಿಡಿಯೋ ಬಳ್ಳಿ ನೆಡೋಣ. ಕಲ್ಲು ಬೇಡ, ಅಲೆ ಅದಕ್ಕೆ ಬಡಿದು ಪಕ್ಕದ ಮರಳನ್ನ ಕೊರೆಯುತ್ತೆ" ಅಂದರು.

"ಬಳ್ಳಿ ನಂಬ್ಕೊಂಡ್ರೆ ಆಯ್ತು ಬುಡಿ ಮೇಡಂ!" ಅಂತ ನಕ್ಕೆ. ಅವರು ಊಟಕ್ಕೆ ಹೋದದ್ದೇ ತಡ, ಅಲ್ಲೇ ಬಿದ್ದಿದ್ದ ಹಳೇ ಬಂಡೆಗಳನ್ನು ಮೀನು ಮಾರುವ ಗಿರಿಜಕ್ಕನ ಮನೆ ಮುಂದೆ ನಮ್ಮೂರ ಏರಿಯಂಗೇ ಜೋಡಿಸಿಬಿಟ್ಟೆ. ಪಕ್ಕದಲ್ಲಿ ಹಿಟಾಚಿ ನಿಲ್ಲಿಸಿ ಮೀಸೆ ತಿರುವಿದೆ.

ಸಂಜೆ ನೀರು ಉಕ್ಕಿ ಬಂತು. ನನ್ನ ಕಲ್ಲು ಅಲ್ಲಾಡಲಿಲ್ಲ. ಆದರೆ ಅಲೆ ಪಕ್ಕಕ್ಕೆ ತಿರುಗಿ ಹಿಟಾಚಿಯ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಯಿತು. ಗಾಡಿ ಎಮ್ಮೆಯಂಗೆ ಒಂದು ಮಗ್ಗುಲಿಗೆ ವಾಲಿತು. ಅದು ನಮ್ಮ ಓನರ್ ಗಾಡಿ, ಮುಳುಗಿದರೆ ನನ್ನ ಕೆಲಸವೂ ಮುಳುಗಿದಂಗೆ.

"ಎಂತ ಮಾರಾಯ, ಸಮುದ್ರವನ್ನು ಕೆರೆ ಅಂದ್ಕೊಂಡದ್ದಾ ನೀನು?" ಅಂದಳು ಗಿರಿಜಕ್ಕ.

ಮೇಡಂ ಬೈಯಲಿಲ್ಲ. ಗಾಡಿ ಎಳೆಸಿದರು, ನನ್ನ ಕೈಲೇ ಕಲ್ಲು ತೆಗೆಸಿ ದಿಬ್ಬ ಮಾಡಿಸಿದರು, ಅದರ ಮೇಲೆ ಬಳ್ಳಿ ನೆಡಿಸಿದರು, ಕೊನೆಗೆ ಒಂದು ಬಿಂದಿಗೆ ಕೊಟ್ಟರು.

ಈಗ ಊರಲ್ಲಿ ಯಾರಾದರೂ "ಸಮುದ್ರ ಹೆಂಗ್ಲಾ ತಡೆದೆ?" ಅಂದರೆ, "ಬರೀ ಬಳ್ಳೀಲಿ ಕಣ್ಲಾ" ಅಂತೀನಿ. ಸುಳ್ಳೇನಲ್ಲ, ಆ ಬಳ್ಳಿಗೆ ನೀರು ಹೊಯ್ದದ್ದು ನಾನೇ.